ಡಾಕ್ಟರಮ್ಮನ ಬಿಪಿ ನೋಡುವವರು ಯಾರು? ಕಲಬುರಗಿ ಸೀಮೆಯ ವೈದ್ಯೆಯರಿಗೊಂದು ಮಾರ್ಗದರ್ಶಿ

ಏಪ್ರಿಲ್ ಬಂತೆಂದರೆ ಕಲಬುರಗಿ, ಯಾದಗಿರಿ ಕಡೆಯ ಒಪಿಡಿಗಳಲ್ಲಿ (ಹೊರರೋಗಿ ವಿಭಾಗಗಳಲ್ಲಿ) ಉರಿಮೂತ್ರ, ಕಿಡ್ನಿ ಹರಳು, ತಲೆಸುತ್ತು ಎಂದು ಬರುವವರು ಜಾಸ್ತಿ. ಬಿಸಿಲು 40 ಡಿಗ್ರಿ ದಾಟಿರುತ್ತದೆ. "ಅವ್ವ, ನೀರು ಜಾಸ್ತಿ ಕುಡೀಬೇಕು, ಒಂದಕ್ಕೆ ಬಂದ್ರೆ ತಡೆದು ಕೂಡಬಾರದು" ಎಂದು ವೈದ್ಯೆ ಒಬ್ಬೊಬ್ಬರಿಗೂ ಹೇಳುತ್ತಾಳೆ. ಹೇಳುವಾಕೆ ಮಾತ್ರ ಬೆಳಗಿನ ಚಹಾ ಬಿಟ್ಟರೆ ಮಧ್ಯಾಹ್ನ ಎರಡರ ತನಕ ಒಂದು ಲೋಟ ನೀರೂ ಕುಡಿದಿರುವುದಿಲ್ಲ. ಕುಡಿದರೆ ಶೌಚಾಲಯಕ್ಕೆ ಹೋಗಬೇಕು. ಹೊರಗೆ ಸಾಲು ನಿಂತಿದೆ. ಕೆಲವು ಕಡೆ ಶೌಚಾಲಯಕ್ಕೆ ಸರಿಯಾದ ಚಿಲಕವೂ ಇರುವುದಿಲ್ಲ.

ವೈದ್ಯೆಯ ಆರೈಕೆ ಎಂದಾಗ ಯೋಗ ಶಿಬಿರ, ಎರಡು ದಿನದ ಪ್ರವಾಸ, ಬ್ಯೂಟಿ ಪಾರ್ಲರ್ ಎಂದೆಲ್ಲ ಸಲಹೆ ಬರುತ್ತದೆ. ಅವು ಬೇಡ ಅಂತಲ್ಲ. ಆದರೆ ಸೋಮವಾರ ಮತ್ತೆ ಅದೇ ಡ್ಯೂಟಿ ಪಟ್ಟಿ, ಅದೇ ಫೋನು, ಅದೇ ಅಡುಗೆಮನೆ. ಈ ಸೀಮೆಯ ವೈದ್ಯೆಯರನ್ನು ಹತ್ತಿರದಿಂದ ನೋಡುತ್ತಾ ನನಗೆ ಖಚಿತವಾದದ್ದು ಒಂದು. ಬಾಯಿಮಾತಿನಲ್ಲಿ ಒಪ್ಪಿಕೊಂಡ ಕೆಲಸ ಬೆಳೆಯುತ್ತಲೇ ಹೋಗುತ್ತದೆ. ಬಾಯಿಮಾತಿನಲ್ಲಿ ಸಿಕ್ಕ ಬಿಡುವು ಕರಗುತ್ತಲೇ ಹೋಗುತ್ತದೆ. ಹಾಗಾಗಿ ಎರಡನ್ನೂ ಬರೆದಿಡಬೇಕು. ಆಸ್ಪತ್ರೆಯಲ್ಲೂ ಬರೆದಿಡಬೇಕು, ಮನೆಯಲ್ಲೂ ಬರೆದಿಡಬೇಕು.

ಕಲಬುರಗಿಯ ಜಿಮ್ಸ್, ಬೀದರ್‌ನ ಬ್ರಿಮ್ಸ್‌ನಂಥ ವೈದ್ಯಕೀಯ ಕಾಲೇಜಿನಲ್ಲಿ ಪಿಜಿ (ಸ್ನಾತಕೋತ್ತರ ಓದು) ಮಾಡುವವರು, ಆಳಂದ, ಚಿಂಚೋಳಿ, ಔರಾದ, ಸುರಪುರದಂಥ ಕಡೆ ತಾಲೂಕು ಆಸ್ಪತ್ರೆಯಲ್ಲಿ ಇರುವವರು, ನಗರದ ನರ್ಸಿಂಗ್ ಹೋಮ್‌ಗಳಲ್ಲಿ ಕನ್ಸಲ್ಟಂಟ್ ಆಗಿರುವವರು, ಮೂವರನ್ನೂ ಮನಸ್ಸಿನಲ್ಲಿಟ್ಟು ಇದನ್ನು ಬರೆಯುತ್ತಿದ್ದೇನೆ. ಎಲ್ಲ ಹೆಜ್ಜೆಯೂ ಎಲ್ಲರಿಗೂ ಬೇಕಾಗುವುದಿಲ್ಲ. ಮೊದಲನೆಯದನ್ನು ಮಾತ್ರ ಯಾರೂ ಬಿಡಬೇಡಿ.

ಹೆಜ್ಜೆ 1: ಎರಡು ವಾರದ ಲೆಕ್ಕ ಬರೆಯಿರಿ

ಒಂದು ಸಣ್ಣ ನೋಟ್‌ಬುಕ್ ತೆಗೆದುಕೊಳ್ಳಿ. ಪ್ರತಿ ಪುಟದಲ್ಲಿ ನಾಲ್ಕು ಕಾಲಂ ಎಳೆಯಿರಿ. ಏನು ಮಾಡಿದೆ, ಎಷ್ಟು ಹೊತ್ತು ಹಿಡಿಯಿತು, ಯಾರು ಕೇಳಿದ್ದು, ಮುಗಿದಾಗ ಹೇಗನಿಸಿತು. ಆಸ್ಪತ್ರೆ ಕೆಲಸ ಮಾತ್ರ ಬರೆದರೆ ಸಾಲದು. ಮಗುವಿನ ಹೋಂವರ್ಕ್, ಗ್ಯಾಸ್ ಸಿಲಿಂಡರ್ ಬುಕ್ ಮಾಡಿದ್ದು, ಮಾವನ ಇನ್ಸುಲಿನ್ ತರಿಸಿದ್ದು, ರಾತ್ರಿ ಹನ್ನೊಂದಕ್ಕೆ ದೂರದ ಸಂಬಂಧಿಯ ಸ್ಕ್ಯಾನ್ ರಿಪೋರ್ಟ್ ನೋಡಿದ್ದು, ಎಲ್ಲವೂ ಬರಲಿ. ಅಂದಂದೇ ಬರೆಯಿರಿ. ವಾರದ ಕೊನೆಗೆ ಕೂತು ನೆನಪು ಮಾಡಿಕೊಂಡರೆ ಸಣ್ಣ ಕೆಲಸಗಳೆಲ್ಲ ಮಾಯವಾಗಿರುತ್ತವೆ. ನಮ್ಮನ್ನು ದಣಿಸುವುದು ಹೆಚ್ಚಾಗಿ ಅವೇ.

ಮೂರನೇ ಕಾಲಂ ಓದಿದಾಗ ಒಂದು ವಿಷಯ ಕಣ್ಣಿಗೆ ಹೊಡೆಯುತ್ತದೆ. "ಮೇಡಂ, ಒಂದು ರಿಪೋರ್ಟ್ ಕಳಿಸೀನಿ, ಜರಾ ನೋಡ್ರಿ" ಎನ್ನುವ ವಾಟ್ಸಾಪ್ ಸಂದೇಶಗಳೇ ದಿನಕ್ಕೆ ಎಷ್ಟು ಹೊತ್ತು ತಿನ್ನುತ್ತಿವೆ ಎಂಬುದು. ಇದಕ್ಕೆ ದಾರಿ ಇದೆ. 2020ರ ಮಾರ್ಚ್‌ನಲ್ಲಿ ಬಂದ ಕೇಂದ್ರದ ಟೆಲಿಮೆಡಿಸಿನ್ ಮಾರ್ಗಸೂಚಿಯ ಪ್ರಕಾರ ಫೋನಿನಲ್ಲಿ, ವಾಟ್ಸಾಪ್‌ನಲ್ಲಿ ಕೊಡುವ ಸಲಹೆಯೂ ಚಿಕಿತ್ಸೆಯೇ. ದಾಖಲೆ ಇಡಬೇಕು, ಜವಾಬ್ದಾರಿ ವೈದ್ಯರದ್ದೇ, ಶುಲ್ಕ ತೆಗೆದುಕೊಳ್ಳಬಹುದು. ಅಂದರೆ ಸುಮ್ನೆ ಹೇಳಿದ ಒಂದು ಮಾತಿಗೂ ನೀವು ಉತ್ತರ ಕೊಡಬೇಕಾಗಿ ಬರಬಹುದು. ಹಾಗಿದ್ದ ಮೇಲೆ ಅದಕ್ಕೊಂದು ಹೊತ್ತು ಗೊತ್ತು ಮಾಡುವುದರಲ್ಲಿ ತಪ್ಪೇನಿದೆ? ಕೆಲಸಕ್ಕೆ ಬೇರೆ ನಂಬರ್ ಇಟ್ಟುಕೊಳ್ಳಿ. ಅದರಲ್ಲಿ ಹೀಗೊಂದು ಉತ್ತರ ಸೇವ್ ಮಾಡಿ: "ನಮಸ್ಕಾರ. ರಿಪೋರ್ಟ್‌ಗಳನ್ನು ಸಂಜೆ 6ರಿಂದ 7ರವರೆಗೆ ನೋಡುತ್ತೇನೆ. ತುರ್ತಿದ್ದರೆ ತಡ ಮಾಡದೆ ಹತ್ತಿರದ ಆಸ್ಪತ್ರೆಗೆ ಹೋಗಿ, ಇಲ್ಲವೇ 108ಕ್ಕೆ ಕರೆ ಮಾಡಿ." ಮೊದಲ ತಿಂಗಳು ಕೆಲವರು ಮುನಿಸಿಕೊಳ್ಳುತ್ತಾರೆ. ಆಮೇಲೆ ಅವರೇ ಆರು ಗಂಟೆಗೆ ಕಾಯುತ್ತಾರೆ.

ನಾಲ್ಕನೇ ಕಾಲಂ ಜೋಪಾನವಾಗಿಡಿ. ಹೆಜ್ಜೆ 7ರಲ್ಲಿ ಅದೇ ಬೇಕು.

ಹೆಜ್ಜೆ 2: ನಿಮಗೊಬ್ಬ ಡಾಕ್ಟರ್ ಇರಲಿ

ಕಾರಿಡಾರಿನಲ್ಲಿ ಸಿಕ್ಕ ಸಹಪಾಠಿಗೆ "ಯಾಕೋ ಸುಸ್ತು ಕಣೇ" ಎಂದು ಹೇಳಿ, ಆಕೆ ಐರನ್ ಮಾತ್ರೆ ಹೆಸರು ಹೇಳಿದರೆ ಅದು ತಪಾಸಣೆ ಆಗಲಿಲ್ಲ. ತನಗೆ ತಾನೇ ಚೀಟಿ ಬರೆದುಕೊಳ್ಳುವ ಅಭ್ಯಾಸ ನಮ್ಮಲ್ಲಿ ಬಹಳ. ಅದನ್ನು ಬಿಡಿ. ನಿಮ್ಮ ಆಸ್ಪತ್ರೆಯವರಲ್ಲದ ಒಬ್ಬ ಫಿಜಿಷಿಯನ್, ಒಬ್ಬ ಸ್ತ್ರೀರೋಗ ತಜ್ಞೆ, ಇಬ್ಬರನ್ನು ಗೊತ್ತು ಮಾಡಿಕೊಳ್ಳಿ. ಹುಟ್ಟುಹಬ್ಬದ ತಿಂಗಳಲ್ಲಿ ಅಪಾಯಿಂಟ್‌ಮೆಂಟ್ ತೆಗೆದುಕೊಂಡು, ಫೀಸು ಕೊಟ್ಟು, ಕುರ್ಚಿಯ ಆ ಕಡೆ ಕೂತು ತೋರಿಸಿಕೊಳ್ಳಿ. ಫೀಸು ಕೊಟ್ಟಾಗ ಕೇಳುವುದಕ್ಕೂ ಸಂಕೋಚ ಇರುವುದಿಲ್ಲ.

ಬಿಪಿ, ಸಕ್ಕರೆ, ಹಿಮೋಗ್ಲೋಬಿನ್, ಥೈರಾಯ್ಡ್, ಬಿ12 ವರ್ಷಕ್ಕೊಮ್ಮೆ ನೋಡಿಸಿ. ಮೂವತ್ತು ದಾಟಿದ್ದರೆ ಗರ್ಭಕೊರಳಿನ ಕ್ಯಾನ್ಸರ್ ಪರೀಕ್ಷೆ ಬೇಕು. ಎಚ್‌ಪಿವಿ ಪರೀಕ್ಷೆಯಾದರೆ 5 ವರ್ಷಕ್ಕೊಮ್ಮೆ, ಪ್ಯಾಪ್ ಆದರೆ 3 ವರ್ಷಕ್ಕೊಮ್ಮೆ. ಇದು ನಿಮಗೆ ಗೊತ್ತಿಲ್ಲದ್ದಲ್ಲ. ನೂರಾರು ಹೆಂಗಸರಿಗೆ ಹೇಳಿದ್ದೀರಿ. ನಿಮ್ಮದು ಕೊನೆಯ ಸಲ ಯಾವಾಗ ಆಯಿತು ಎಂದು ಈಗ ನೆನಪು ಮಾಡಿಕೊಳ್ಳಿ, ಅಷ್ಟೇ.

ಹೆಪಟೈಟಿಸ್ ಬಿ ಲಸಿಕೆ ಮೂರು ಡೋಸ್ ಆಗಿದೆಯಾ, ಆದ ಮೇಲೆ ಆಂಟಿಬಾಡಿ ಪರೀಕ್ಷೆ ಮಾಡಿಸಿದಿರಾ? ಅದು 10 mIU/mLಗಿಂತ ಕಡಿಮೆ ಇದ್ದರೆ ರಕ್ಷಣೆ ಸಿಕ್ಕಿದೆ ಎನ್ನುವಂತಿಲ್ಲ. ಹೌಸ್ ಸರ್ಜನ್ (ಎಂಬಿಬಿಎಸ್ ಕೊನೆಯ ತರಬೇತಿಯಲ್ಲಿರುವ) ಹುಡುಗಿಯರು ಇದನ್ನು ಮೊದಲ ವಾರವೇ ಮುಗಿಸಬೇಕು. ಸೂಜಿ ಚುಚ್ಚಿದರೆ ಹಿಂಡಬೇಡಿ. ಸೋಪು ನೀರಿನಲ್ಲಿ ತೊಳೆದು ಕೂಡಲೇ ತಿಳಿಸಿ. ಎಚ್‌ಐವಿ ತಡೆಯುವ ಮಾತ್ರೆ ಎರಡು ಗಂಟೆಯೊಳಗೆ ಶುರುವಾದರೆ ಒಳ್ಳೆಯದು, 72 ಗಂಟೆ ದಾಟಬಾರದು, 28 ದಿನ ಬಿಡದೆ ನುಂಗಬೇಕು. ನಿಮ್ಮ ಆಸ್ಪತ್ರೆಯಲ್ಲಿ ಆ ಮಾತ್ರೆ ರಾತ್ರಿ ಹೊತ್ತು ಯಾವ ಕಪಾಟಿನಲ್ಲಿ ಇರುತ್ತದೆ, ಕೀಲಿ ಯಾರ ಹತ್ತಿರ ಎಂಬುದನ್ನು ಇಂದೇ ಕೇಳಿ ಇಟ್ಟುಕೊಳ್ಳಿ.

ನೀರಿನ ವಿಷಯಕ್ಕೆ ಬರೋಣ. ಬೇಸಿಗೆಯಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳ ಹೊತ್ತನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುವ ರೂಢಿ ಇದೆ. ಹೆರಿಗೆ ವಾರ್ಡಿಗೆ ಆ ಸೌಲಭ್ಯ ಇಲ್ಲ. ಆದ್ದರಿಂದ ಒಂದು ಲೀಟರ್ ಬಾಟಲಿ ಮೇಜಿನ ಮೇಲೇ ಇರಲಿ. ಹನ್ನೆರಡರೊಳಗೆ ಅದು ಖಾಲಿಯಾಗಬೇಕು. ಹನ್ನೊಂದು ಗಂಟೆಗೆ ಹತ್ತು ನಿಮಿಷ ಒಪಿಡಿ ನಿಲ್ಲುತ್ತದೆ ಎಂದು ಬಾಗಿಲಿಗೆ ಚೀಟಿ ಅಂಟಿಸಿ. ರೋಗಿಗಳು ಗೊಣಗುವುದು ಕಾರಣ ಗೊತ್ತಿಲ್ಲದಾಗ. ಚೀಟಿ ಇದ್ದರೆ ಕಾಯುತ್ತಾರೆ. ಮಹಿಳಾ ಸಿಬ್ಬಂದಿಗೆ ಚಿಲಕ, ನೀರು, ಕಸದ ಬುಟ್ಟಿ ಇರುವ ಶೌಚಾಲಯ ಬೇಕೆಂದು ಅರ್ಜಿ ಕೊಡುವಾಗ ನರ್ಸ್ ಅಕ್ಕಂದಿರ ಸಹಿಯನ್ನೂ ಹಾಕಿಸಿ. ಒಬ್ಬ ವೈದ್ಯೆ ಕೇಳಿದರೆ ಅದು ಆಕೆಯ ತಕರಾರು ಎನಿಸಿಕೊಳ್ಳುತ್ತದೆ. ಇಪ್ಪತ್ತು ಸಹಿ ಬಿದ್ದರೆ ಆಸ್ಪತ್ರೆಯ ವಿಷಯವಾಗುತ್ತದೆ.

ಊಟಕ್ಕೆ ನಮ್ಮ ಸೀಮೆಯಷ್ಟು ಅನುಕೂಲ ಬೇರೆ ಎಲ್ಲಿದೆ? ಕಡಕ್ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ. ಡ್ಯೂಟಿ ರೂಮಿನಲ್ಲಿ ಒಂದು ಡಬ್ಬಿ ರೊಟ್ಟಿ, ಶೇಂಗಾ ಹಿಂಡಿ, ಪುಟಾಣಿ ಇಡಿ. ಮೊಸರು ಎಲ್ಲಿ ಬೇಕಾದರೂ ಸಿಗುತ್ತದೆ. ಬಿಸ್ಕತ್ತು, ಚಹಾದ ಮೇಲೆ ರಾತ್ರಿ ಕಳೆಯುವುದಕ್ಕಿಂತ ಇದು ಎಷ್ಟೋ ವಾಸಿ.

ನಿದ್ದೆಯ ಬಗ್ಗೆ ಮಾತ್ರ ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಸತತ 24 ಗಂಟೆ ಎಚ್ಚರವಿದ್ದವರ ಚುರುಕುತನ, ರಕ್ತದಲ್ಲಿ ಶೇ 0.10ರಷ್ಟು ಮದ್ಯ ಇರುವವರ ಮಟ್ಟಕ್ಕೆ ಇಳಿಯುತ್ತದೆ ಎಂದು ಅಧ್ಯಯನಗಳು ತೋರಿಸಿವೆ. ನಮ್ಮ ದೇಶದಲ್ಲಿ ಗಾಡಿ ಓಡಿಸಲು ಇರುವ ಮಿತಿ ಶೇ 0.03. ನೈಟ್ ಡ್ಯೂಟಿ ಮುಗಿಸಿ ಜೇವರ್ಗಿಯಿಂದಲೋ ಚಿತ್ತಾಪುರದಿಂದಲೋ ಸ್ವಂತ ಗಾಡಿಯಲ್ಲಿ ಕಲಬುರಗಿಗೆ ಹೊರಡುವ ಮುನ್ನ ಇದನ್ನು ನೆನಪಿಸಿಕೊಳ್ಳಿ. ಡ್ಯೂಟಿ ರೂಮಿನಲ್ಲೇ ಅರ್ಧ ಗಂಟೆ ಮಲಗಿ ಎದ್ದು ಹೊರಡಿ. ಇಲ್ಲವೇ ಬಸ್ಸು ಹತ್ತಿ. ಮನೆಯವರಿಗೆ ಅರ್ಧ ಗಂಟೆ ತಡವಾದರೆ ಆಗಲಿ.

ಹೆಜ್ಜೆ 3: ಡ್ಯೂಟಿ, ರಜೆ, ಸಂಬಳ ಕಾಗದದ ಮೇಲೆ ಬರಲಿ

ಪಿಜಿ ವಿದ್ಯಾರ್ಥಿನಿಯರು ರಾಷ್ಟ್ರೀಯ ವೈದ್ಯಕೀಯ ಆಯೋಗದ 2023ರ ಪಿಜಿ ನಿಯಮಾವಳಿಯನ್ನು ಒಮ್ಮೆ ಓದಿ. ದಿನಕ್ಕೆ ಸಾಕಷ್ಟು ವಿಶ್ರಾಂತಿ ಕೊಡಬೇಕು, ಕೆಲಸದ ತುರ್ತು ನೋಡಿಕೊಂಡು ವಾರಕ್ಕೊಂದು ರಜೆ, ವರ್ಷಕ್ಕೆ ಕನಿಷ್ಠ 20 ದಿನ ಸಂಬಳ ಸಹಿತ ಸಾಂದರ್ಭಿಕ ರಜೆ, 5 ದಿನ ಓದಿನ ರಜೆ, ಸರ್ಕಾರಿ ನಿಯಮದಂತೆ ಹೆರಿಗೆ ರಜೆ ಎಂದು ಅದರಲ್ಲಿದೆ. ವಾರಕ್ಕೆ 74 ಗಂಟೆ ಮೀರಬಾರದು ಎಂದು ಆಯೋಗವೇ ನೇಮಿಸಿದ ಮಾನಸಿಕ ಆರೋಗ್ಯ ಕಾರ್ಯಪಡೆ 2024ರಲ್ಲಿ ಹೇಳಿತು. ಅದು ಶಿಫಾರಸು. ಆದರೂ ವಿಭಾಗದ ಮುಖ್ಯಸ್ಥರ ಮುಂದೆ ಮಾತಾಡುವಾಗ ಕೈಯಲ್ಲಿ ಏನೋ ಒಂದು ಆಧಾರ ಇದ್ದಂತಾಗುತ್ತದೆ.

ಸರ್ಕಾರಿ ಸೇವೆಯಲ್ಲಿ ಕಾಯಂ ಇದ್ದವರಿಗೆ ಹೆರಿಗೆ ರಜೆ 180 ದಿನ, ಮಕ್ಕಳ ಆರೈಕೆಗೆಂದು ಬೇರೆಯೇ 180 ದಿನದ ರಜೆ ಇದೆ. 2025ರ ಅಕ್ಟೋಬರ್‌ನಲ್ಲಿ ತಿಂಗಳಿಗೊಂದು ದಿನ ಸಂಬಳ ಸಹಿತ ಮುಟ್ಟಿನ ರಜೆಗೆ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ನಿಮ್ಮ ಸಂಸ್ಥೆಯಲ್ಲಿ ಅದು ಜಾರಿಯಾಗಿದೆಯಾ ಎಂದು ಕೇಳಲು ನಾಚಿಕೆ ಬೇಡ. ರೋಗಿಗಳ ಮುಟ್ಟಿನ ನೋವಿನ ಬಗ್ಗೆ ಇಡೀ ದಿನ ಮಾತಾಡುವವರು ನಾವು.

ಖಾಸಗಿ ಆಸ್ಪತ್ರೆಯಲ್ಲಿ ಇರುವವರು ಇಲ್ಲಿ ಸ್ವಲ್ಪ ನಿಂತು ಓದಿ. ಹೆರಿಗೆ ಸೌಲಭ್ಯದ ಕಾನೂನಿಗೆ 2017ರಲ್ಲಿ ತಿದ್ದುಪಡಿಯಾದ ಮೇಲೆ ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳ ಸಹಿತ ರಜೆ ಸಿಗುತ್ತದೆ. ಹೆರಿಗೆಗೆ ಹಿಂದಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿರಬೇಕು. 50 ಅಥವಾ ಅದಕ್ಕಿಂತ ಹೆಚ್ಚು ನೌಕರರು ಇರುವಲ್ಲಿ ಶಿಶುಪಾಲನಾ ಕೇಂದ್ರ ಬೇಕು. ಮಗುವಿಗೆ 15 ತಿಂಗಳಾಗುವವರೆಗೆ ಹಾಲೂಡಿಸಲು ದಿನಕ್ಕೆ ಎರಡು ಬಿಡುವು ಕೊಡಬೇಕು. ಇಷ್ಟೆಲ್ಲ ಇದ್ದರೂ ಎಷ್ಟೋ ವೈದ್ಯೆಯರಿಗೆ ಏನೂ ಸಿಗುವುದಿಲ್ಲ. ಕಾರಣ ಸರಳ. ಅವರು ಆಸ್ಪತ್ರೆಯ ಪುಸ್ತಕದಲ್ಲಿ ನೌಕರರಲ್ಲ. "ಕನ್ಸಲ್ಟಂಟ್" ಎಂದು ಶೇ 10 ಟಿಡಿಎಸ್ (ಮೊದಲೇ ಹಿಡಿಯುವ ತೆರಿಗೆ) ಮುರಿದು ವೃತ್ತಿ ಶುಲ್ಕ ಕೊಡುತ್ತಾರೆ. ದಿನಕ್ಕೆ ಹತ್ತು ಗಂಟೆ ಅಲ್ಲೇ ಇರುತ್ತೀರಿ, ರಜೆಗೆ ಅನುಮತಿ ಕೇಳುತ್ತೀರಿ, ಆದರೆ ಹೆರಿಗೆ ಬಂದಾಗ ನೀವು ಹೊರಗಿನವರು. ನನಗೆ ಇದು ತೀರಾ ಅನ್ಯಾಯ ಎನಿಸುತ್ತದೆ. ಹೆರಿಗೆ ಮಾಡಿಸುವ ಆಸ್ಪತ್ರೆಯಲ್ಲೇ ಹೀಗಾದರೆ ಯಾರಿಗೆ ಹೇಳುವುದು?

ಸೇರುವ ಮೊದಲೇ ಕೇಳಿ. ನಾನು ನೌಕರಳೋ ಶುಲ್ಕದ ಮೇಲೆ ಬರುವವಳೋ? ತಿಂಗಳಿಗೆ ಎಷ್ಟು ನೈಟ್? ನೈಟ್ ಮರುದಿನ ಒಪಿಡಿ ಇದೆಯಾ? ಹೆರಿಗೆ ರಜೆ ಹೇಗೆ? ರೋಗಿಯ ಕಡೆಯಿಂದ ಕೇಸ್ ಬಂದರೆ ವಕೀಲರ ಖರ್ಚು ಯಾರದ್ದು? ಬಿಟ್ಟು ಹೋಗಲು ಎಷ್ಟು ದಿನದ ನೋಟಿಸ್? ನಮ್ಮ ಕಡೆ ಹೆಚ್ಚಾಗಿ ಮಾತು ಚಹಾ ಕುಡಿಯುತ್ತಾ ಮುಗಿಯುತ್ತದೆ. ಮುಗಿಯಲಿ. ಆದರೆ ಅದೇ ಸಂಜೆ ಒಂದು ಮೆಸೇಜ್ ಹಾಕಿ: "ಸರ್, ಇವತ್ತು ಮಾತಾಡಿದ ಹಾಗೆ ತಿಂಗಳಿಗೆ ಆರು ನೈಟ್, ನೈಟ್ ಮರುದಿನ ರಜೆ, ಒಂದನೇ ತಾರೀಖಿನಿಂದ ಬರುತ್ತೇನೆ. ಏನಾದರೂ ಬದಲಿದ್ದರೆ ತಿಳಿಸಿ ಸರ್." ಜಗಳ ಇಲ್ಲ, ಬಿಗುಮಾನ ಇಲ್ಲ. ನಾಲ್ಕು ತಿಂಗಳ ನಂತರ ಆರು ನೈಟ್ ಹತ್ತಾದಾಗ ತೋರಿಸಲು ಇದೊಂದು ಇರುತ್ತದೆ.

ಹೆಚ್ಚುವರಿ ಡ್ಯೂಟಿ ಬೇಡ ಎನ್ನಬೇಕಾದಾಗ ಉದ್ದದ ಕಾರಣ ಕೊಡಬೇಡಿ. "ಸರ್, ನಿನ್ನೆ ನೈಟ್ ಮಾಡಿದ್ದೇನೆ, ಇವತ್ತು ಆಪರೇಷನ್ ಥಿಯೇಟರಿನಲ್ಲಿ ನಿಲ್ಲುವುದು ರೋಗಿಗೆ ಸುರಕ್ಷಿತವಲ್ಲ. ಗುರುವಾರ ಮಾಡುತ್ತೇನೆ" ಎಂದರೆ ಸಾಕು. ಮಗುವಿಗೆ ಜ್ವರ, ಮನೆಯಲ್ಲಿ ನೆಂಟರು ಎಂದು ಶುರು ಮಾಡಿದರೆ ಅದಕ್ಕೆ ಎದುರು ಮಾತು ಹುಟ್ಟುತ್ತದೆ. ರೋಗಿಯ ಸುರಕ್ಷತೆಗೆ ಎದುರು ಮಾತಿಲ್ಲ.

ಹೆಜ್ಜೆ 4: ರಾತ್ರಿಯ ಭದ್ರತೆ

ಹತ್ತು ಮಂದಿ ಕೆಲಸ ಮಾಡುವ ಯಾವುದೇ ಜಾಗದಲ್ಲಿ ಲೈಂಗಿಕ ಕಿರುಕುಳದ ದೂರು ಕೇಳಲು ಆಂತರಿಕ ಸಮಿತಿ ಇರಲೇಬೇಕು. 2013ರ ಕಾನೂನು ಅದು. ಅಧ್ಯಕ್ಷರು ಮಹಿಳೆಯೇ ಆಗಿರಬೇಕು, ಹೊರಗಿನವರೊಬ್ಬರು ಸದಸ್ಯರಾಗಿರಬೇಕು. ದೂರು ಕೊಡಲು ಮೂರು ತಿಂಗಳ ಅವಧಿ ಇದೆ. ಸಣ್ಣ ಕ್ಲಿನಿಕ್ ಆದರೆ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ಕೊಡಬಹುದು. ನಿಮ್ಮ ಆಸ್ಪತ್ರೆಯ ಸಮಿತಿಯಲ್ಲಿ ಯಾರಿದ್ದಾರೆ ಎಂಬ ಹೆಸರು ಗೋಡೆಯ ಮೇಲೆ ಇದೆಯಾ ನೋಡಿ.

ರೋಗಿಯ ಕಡೆಯವರು ಕೈ ಮಾಡಿದರೆ ನೀವು ಒಬ್ಬರೇ ಠಾಣೆಗೆ ಅಲೆಯಬೇಕಿಲ್ಲ. 2024ರ ಆಗಸ್ಟ್‌ನಲ್ಲಿ ಕೋಲ್ಕತ್ತದ ಆಸ್ಪತ್ರೆಯಲ್ಲಿ ತರಬೇತಿ ವೈದ್ಯೆಯ ಅತ್ಯಾಚಾರ, ಕೊಲೆ ನಡೆದ ನಂತರ, ಹಲ್ಲೆಯಾದ 6 ಗಂಟೆಯೊಳಗೆ ಸಂಸ್ಥೆಯ ಮುಖ್ಯಸ್ಥರೇ ಎಫ್‌ಐಆರ್ ದಾಖಲಿಸಬೇಕು ಎಂದು ಕೇಂದ್ರ ಆರೋಗ್ಯ ಸಚಿವಾಲಯದಿಂದ ಕೇಂದ್ರದ ಆಸ್ಪತ್ರೆಗಳಿಗೆ, ವೈದ್ಯಕೀಯ ಕಾಲೇಜುಗಳಿಗೆ ಸೂಚನೆ ಹೋಯಿತು. ನಮ್ಮ ರಾಜ್ಯದಲ್ಲಿ ವೈದ್ಯ ಸಿಬ್ಬಂದಿ ಮೇಲಿನ ಹಲ್ಲೆ ತಡೆಯುವ ಕಾನೂನು 2009ರಿಂದಲೇ ಇದೆ. ರಾತ್ರಿ ಡ್ಯೂಟಿ ರೂಮಿಗೆ ಒಳಗಿನಿಂದ ಚಿಲಕ, ವಾರ್ಡಿಗೆ ಹೋಗುವ ದಾರಿಯಲ್ಲಿ ಬೆಳಕು, ಜೊತೆಗೆ ಒಬ್ಬ ಆಯಾ ಇಲ್ಲವೇ ಸೆಕ್ಯೂರಿಟಿ, ಈ ಮೂರನ್ನು ಲಿಖಿತವಾಗಿ ಕೇಳಿ.

ಹೆಜ್ಜೆ 5: ಮನೆಯಲ್ಲಿ "ಸಹಾಯ" ಬೇಡ, ಪಾಲು ಬೇಕು

ಡಾಕ್ಟರ್ ಸೊಸೆ ಬೇಕೆಂದು ಹುಡುಕಿ ತರುವ ಮನೆಗಳು ನಮ್ಮಲ್ಲಿ ಬಹಳ. ಎಳ್ಳ ಅಮಾವಾಸ್ಯೆ ಬಂದರೆ ಭಜ್ಜಿ, ಸಜ್ಜೆ ರೊಟ್ಟಿ, ಹೋಳಿಗೆ ಎಲ್ಲಕ್ಕೂ ಅದೇ ಸೊಸೆ ನಸುಕಿನಲ್ಲಿ ಎದ್ದು ನಿಲ್ಲಬೇಕು. ಹಿಂದಿನ ರಾತ್ರಿ ಆಕೆ ಎರಡು ಸಿಸೇರಿಯನ್ ಮಾಡಿ ಬಂದಿರಬಹುದು. ಅತ್ತೆಯವರು ಕೆಟ್ಟವರಲ್ಲ. ಅವರಿಗೆ ನಿಮ್ಮ ಡ್ಯೂಟಿ ಪಟ್ಟಿ ಗೊತ್ತೇ ಇರುವುದಿಲ್ಲ. ತಿಂಗಳ ಪಟ್ಟಿಯನ್ನು ದೊಡ್ಡ ಅಕ್ಷರದಲ್ಲಿ ಕ್ಯಾಲೆಂಡರ್ ಪಕ್ಕ ಅಂಟಿಸಿ. "ಅತ್ತಿ, ಅಮಾಸಿ ದಿನ ನನ್ನ ನೈಟ್ ಮುಗಿದು ಬರೋದು ಎಂಟಕ್ಕ. ಹೋಳಿಗೆ ಹೊರಗಿಂದ ತರಿಸೋಣ, ಭಜ್ಜಿ ನಾನು ಬಂದು ಒಗ್ಗರಣಿ ಹಾಕ್ತೀನಿ. ಹೊಲಕ್ಕ ಎಲ್ಲಾರೂ ಕೂಡೇ ಹೋಗೋಣ." ಹತ್ತು ದಿನ ಮೊದಲೇ ಹೀಗೆ ಹೇಳಿದರೆ ಒಪ್ಪುವ ಅತ್ತೆಯರೇ ಜಾಸ್ತಿ. ಅದೇ ದಿನ ಬೆಳಿಗ್ಗೆ ಮುಖ ಸಪ್ಪಗೆ ಮಾಡಿ ನಿಂತರೆ ಮಾತು ಬೇರೆ ದಿಕ್ಕಿಗೆ ಹೋಗುತ್ತದೆ.

ಗಂಡನ ಜೊತೆಗಿನ ಮಾತೂ ಅಷ್ಟೇ ಸ್ಪಷ್ಟ ಇರಲಿ. "ರೀ, ಮಂಗಳವಾರ, ಶುಕ್ರವಾರ ನನ್ನ ನೈಟ್. ಆ ಎರಡು ದಿನ ಮಕ್ಕಳ ಊಟ, ಹೋಂವರ್ಕ್, ಬೆಳಿಗ್ಗೆ ಶಾಲೆ ನಿಮ್ದು. ನಾನು ಫೋನ್ ಮಾಡಿ ಕೇಳಲ್ಲ." ಕೊನೆಯ ಮಾತು ಬಹಳ ಮುಖ್ಯ. ಡಬ್ಬಿಗೆ ಏನು ಹಾಕಬೇಕು, ಸ್ವೆಟರ್ ಎಲ್ಲಿದೆ ಎಂದು ವಾರ್ಡಿನಿಂದ ಹೇಳುತ್ತಾ ಕೂತರೆ ಕೆಲಸ ಅವರ ಕೈಗೆ ಹೋಯಿತು, ಚಿಂತೆ ನಿಮ್ಮ ತಲೆಯಲ್ಲೇ ಉಳಿಯಿತು. ಒಂದು ದಿನ ಮಗು ಬಣ್ಣ ಬಣ್ಣದ ಸಾಕ್ಸ್ ಹಾಕಿಕೊಂಡು ಹೋದರೆ ಹೋಗಲಿ ಬಿಡಿ.

ರೊಟ್ಟಿ ಬಡಿಯುವುದಕ್ಕೆ ಒಬ್ಬರನ್ನು ಇಟ್ಟುಕೊಳ್ಳಿ. ಇಲ್ಲವೇ ರೊಟ್ಟಿ ಮಾಡಿ ಮಾರುವ ಮಹಿಳಾ ಸಂಘದಿಂದ ತರಿಸಿ. ಅವರಿಗೂ ಕೆಲಸ, ನಿಮಗೂ ಬಿಡುವು. ಸಂಬಳ ತಡ ಮಾಡದೆ ಕೊಡಿ, ವಾರದ ರಜೆ ಕೊಡಿ. ನಮಗೆ ಬೇಕೆಂದು ಕೇಳುವುದನ್ನೇ ಅವರಿಗೆ ಕೊಡದಿದ್ದರೆ ಹೇಗೆ?

ಹೆಜ್ಜೆ 6: ಮನಸ್ಸು ಬರಿದಾದಾಗ

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟ್ ಅನ್ನು ಕೆಲಸಕ್ಕೆ ಸಂಬಂಧಿಸಿದ ಸ್ಥಿತಿ ಎಂದು ಗುರುತಿಸಿತು. ಅದಕ್ಕೆ ಮೂರು ಗುರುತು ಹೇಳುತ್ತಾರೆ. ಶಕ್ತಿಯೇ ಇಲ್ಲ ಎನಿಸುವ ದಣಿವು, ಕೆಲಸದ ಬಗ್ಗೆ ಬೇಸರ ಮತ್ತು ದೂರ ಸರಿದ ಭಾವ, ನಾನು ಏನೂ ಸಾಧಿಸುತ್ತಿಲ್ಲ ಎಂಬ ಅನಿಸಿಕೆ. ನಮ್ಮ ಒಪಿಡಿಯಲ್ಲಿ ಅದು ಹೀಗೆ ಕಾಣುತ್ತದೆ: ರೋಗಿ ಬಾಯಿ ತೆರೆಯುವ ಮೊದಲೇ ಸಿಟ್ಟು ಬರುವುದು, ಹಳ್ಳಿಯ ಹೆಂಗಸು ತನ್ನ ಕಥೆ ಶುರು ಮಾಡಿದರೆ ಕೈ ಪೆನ್ನಿನ ಕಡೆ ಹೋಗುವುದು, ಹುಷಾರಾಗಿ ಹೋದವರನ್ನು ಕಂಡರೂ ಖುಷಿಯಾಗದಿರುವುದು. ಇದು ಗುಣದ ದೋಷವಲ್ಲ. ಡ್ಯೂಟಿ ಕಡಿಮೆಯಾದರೆ, ನಿದ್ದೆ ಸಿಕ್ಕರೆ, ಕೆಲಸದ ಮೇಲೆ ಸ್ವಲ್ಪ ಹಿಡಿತ ಬಂದರೆ ಹೆಚ್ಚಿನ ಸಲ ಸುಧಾರಿಸುತ್ತದೆ. ಆದರೆ ರಜೆಯಲ್ಲೂ ಮನಸ್ಸು ಏಳದಿದ್ದರೆ, ಎರಡು ವಾರದಿಂದ ಯಾವುದರಲ್ಲೂ ರುಚಿ ಇಲ್ಲದಿದ್ದರೆ, ಬದುಕೇ ಬೇಡ ಎನಿಸಿದರೆ ಅದು ಖಿನ್ನತೆ ಇರಬಹುದು. ಅದಕ್ಕೆ ಚಿಕಿತ್ಸೆ ಬೇಕು.

ಇಲ್ಲಿ ನಮ್ಮ ಊರಿನದೇ ಒಂದು ತೊಡಕಿದೆ. ಇರುವ ಮನೋವೈದ್ಯರೆಲ್ಲ ಪರಿಚಿತರು. ಯಾರ ಹತ್ತಿರ ಹೋದರೂ ಸುದ್ದಿಯಾಗುತ್ತದೆ ಎಂಬ ಅಂಜಿಕೆ. ರೋಗಿಯ ಮಾಹಿತಿ ಗುಟ್ಟಾಗಿಡುವುದು 2017ರ ಮಾನಸಿಕ ಆರೋಗ್ಯ ಕಾನೂನಿನಲ್ಲೇ ಇರುವ ಹಕ್ಕು. ಆದರೂ ಮನಸ್ಸು ಒಪ್ಪದಿದ್ದರೆ ಸೊಲ್ಲಾಪುರ, ಹೈದರಾಬಾದ್ ದೂರವಿಲ್ಲ. ವಿಡಿಯೊ ಕರೆಯಲ್ಲೂ ತೋರಿಸಬಹುದು. ಟೆಲಿ ಮಾನಸ್‌ನ 14416ಕ್ಕೆ ಯಾವ ಹೊತ್ತಿಗಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿ ಮಾತಾಡಬಹುದು. ನೀವು ವೈದ್ಯೆ ಎಂದು ಹೇಳಬೇಕೆಂದೇನೂ ಇಲ್ಲ.

ನಿದ್ದೆ ಮಾತ್ರೆಯನ್ನು ನಿಮಗೆ ನೀವೇ ಬರೆದುಕೊಳ್ಳಬೇಡಿ. ಕೈಗೆ ಸಿಗುವ ಜಾಗದಲ್ಲಿರುತ್ತದೆ, ಆದ್ದರಿಂದಲೇ ನಮಗೆ ಅಪಾಯ ಜಾಸ್ತಿ.

ಬಾಣಂತಿ ಕೈಯಲ್ಲೇ ಹೋದ ರಾತ್ರಿಯ ಬಗ್ಗೆ ಯಾರೂ ಕಲಿಸುವುದಿಲ್ಲ. ತಾಯಿ ಮರಣದ ಆಡಿಟ್ ನಡೆಯುತ್ತದೆ, ಪ್ರಶ್ನೆಗಳು ಬರುತ್ತವೆ, ಫಾರಂ ತುಂಬಬೇಕು. ವೈದ್ಯೆಗೆ ಏನಾಯಿತು ಎಂದು ಕೇಳುವ ಕಾಲಂ ಅದರಲ್ಲಿ ಇಲ್ಲ. ಅಂಥ ರಾತ್ರಿಯ ಮರುದಿನ ಹಿರಿಯ ಸಹೋದ್ಯೋಗಿ ಒಬ್ಬರ ಜೊತೆ ಕೂತು ಆದದ್ದನ್ನು ಮೊದಲಿನಿಂದ ಕೊನೆವರೆಗೆ ಹೇಳಿಕೊಳ್ಳಿ. ಯಾರು ಸರಿ, ಯಾರು ತಪ್ಪು ಎಂಬ ತೀರ್ಮಾನಕ್ಕಲ್ಲ. ನೀವೇ ಹಿರಿಯರಾಗಿದ್ದರೆ ಆ ಹುಡುಗಿಯನ್ನು ಕರೆದು ಚಹಾ ಕೊಟ್ಟು ಕೂರಿಸಿಕೊಳ್ಳಿ. ಆಕೆ ಈ ವೃತ್ತಿಯಲ್ಲಿ ಉಳಿಯುವಳೋ ಬಿಡುವಳೋ ಎಂಬುದು ಕೆಲವೊಮ್ಮೆ ಆ ಅರ್ಧ ಗಂಟೆಯ ಮೇಲೆ ನಿಂತಿರುತ್ತದೆ.

ಹೆಜ್ಜೆ 7: ವಾರದಲ್ಲಿ ಒಂದು ದಿನ ನಿಮ್ಮ ಇಷ್ಟದ ಕೆಲಸಕ್ಕೆ

ಈಗ ನೋಟ್‌ಬುಕ್ಕಿನ ನಾಲ್ಕನೇ ಕಾಲಂ ತೆಗೆಯಿರಿ. ಮುಗಿದಾಗ ಹಗುರ ಎನಿಸಿದ ಕೆಲಸಗಳಿಗೆ ಗೆರೆ ಎಳೆಯಿರಿ. ಕೆಲವರಿಗೆ ಥಿಯೇಟರ್, ಕೆಲವರಿಗೆ ಪಾಠ, ಕೆಲವರಿಗೆ ಹದಿಹರೆಯದ ಹುಡುಗಿಯರ ಜೊತೆ ಮಾತು. ಅಮೆರಿಕದ ಮೇಯೋ ಕ್ಲಿನಿಕ್‌ನವರು 2009ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ತಮಗೆ ಅತ್ಯಂತ ಅರ್ಥಪೂರ್ಣ ಎನಿಸಿದ ಕೆಲಸಕ್ಕೆ ಕನಿಷ್ಠ ಶೇ 20ರಷ್ಟು ಸಮಯ ಕೊಡುವ ವೈದ್ಯರಲ್ಲಿ ಬರ್ನ್‌ಔಟ್ ಶೇ 30ರ ಹತ್ತಿರ ಇತ್ತು. ಅಷ್ಟು ಸಮಯ ಕೊಡಲಾಗದವರಲ್ಲಿ ಶೇ 54ರ ಹತ್ತಿರ. ಶೇ 20 ಅಂದರೆ ಐದು ದಿನದಲ್ಲಿ ಒಂದು ದಿನ. ಇಡೀ ವೃತ್ತಿಯನ್ನೇ ಬದಲಿಸಬೇಕಿಲ್ಲ.

ಆ ಒಂದು ದಿನವನ್ನು ಈ ಸೀಮೆಯಲ್ಲಿ ಹುಡುಕುವುದು ಕಷ್ಟವೇ ಅಲ್ಲ. ತೊಗರಿ ಹೊಲಕ್ಕೆ ಕೂಲಿಗೆ ಹೋಗುವ ಹೆಂಗಸರ ರಕ್ತಹೀನತೆ ಇದೆ. ಬೇಗ ಮದುವೆಯಾಗಿ ಬಸುರಾದ ಹುಡುಗಿಯರಿದ್ದಾರೆ. ಮಕ್ಕಳಾಗಲಿಲ್ಲವೆಂದು ಹೆಂಗಸಿಗೊಬ್ಬಳಿಗೇ ಪರೀಕ್ಷೆ ಮಾಡಿಸಿಕೊಂಡು ಬರುವ ಮನೆಗಳಿವೆ. ಋತುಬಂಧದ ತೊಂದರೆ ಹೇಳಿಕೊಳ್ಳಲು ಜಾಗವಿಲ್ಲದ ಟೀಚರಮ್ಮಂದಿರಿದ್ದಾರೆ. ಆರಂಭಕ್ಕೆ ಬುಧವಾರ ಮಧ್ಯಾಹ್ನ ಎರಡು ತಾಸು ಒಂದೇ ವಿಷಯಕ್ಕೆ ಕ್ಲಿನಿಕ್ ಇಡಿ. ನಿಮಗೆ ದಖನಿ ಉರ್ದು, ತೆಲುಗು, ಮರಾಠಿ ನಾಲ್ಕು ಮಾತು ಬಂದರೆ ನಿಮ್ಮ ಕ್ಲಿನಿಕ್ಕಿಗೆ ಗಡಿಯ ಆಚೆಯಿಂದಲೂ ಬರುತ್ತಾರೆ. ಬೀದರ್‌ನಲ್ಲಿ ಇರುವವರಿಗೆ ಇದು ದಿನನಿತ್ಯದ ಅನುಭವ. ಆರು ತಿಂಗಳ ಕೇಸುಗಳನ್ನು ಕ್ರಮವಾಗಿ ಬರೆದಿಟ್ಟರೆ ಅದೇ ಒಂದು ಸಂಶೋಧನಾ ಲೇಖನದ ಆರಂಭ. ಅನುಮತಿಗಾಗಿ ಹತ್ತಿರದ ವೈದ್ಯಕೀಯ ಕಾಲೇಜಿನ ನೀತಿ ಸಮಿತಿಯನ್ನು ಮೊದಲೇ ಕೇಳಿ.

ಬೆಂಗಳೂರಿಗೆ ಹೋದ ಸಹಪಾಠಿಯ ಫೋಟೊ ನೋಡಿ ನಾನು ಹಿಂದೆ ಬಿದ್ದೆ ಎಂದುಕೊಳ್ಳುವವರಿಗೆ ಒಂದು ಮಾತು. ನಮ್ಮ ಕಡೆ ಒಬ್ಬ ವೈದ್ಯೆ ಮೊದಲ ಹತ್ತು ವರ್ಷದಲ್ಲಿ ಸ್ವಂತ ಕೈಯಿಂದ ಮಾಡುವ ಕೆಲಸ, ಎದುರಿಸುವ ತೊಡಕಿನ ಹೆರಿಗೆಗಳು, ದೊಡ್ಡ ಊರಿನಲ್ಲಿ ಅಷ್ಟು ಸುಲಭವಾಗಿ ಸಿಗುವುದಿಲ್ಲ. ಮುಂದೆ ಓದಬೇಕೆಂದರೆ ದಾರಿಗಳಿವೆ. ಎಂಬಿಬಿಎಸ್ ಮುಗಿಸಿದವರಿಗೆ ರಾಷ್ಟ್ರೀಯ ಪರೀಕ್ಷಾ ಮಂಡಳಿಯ (ಎನ್‌ಬಿಇಎಂಎಸ್) ಎರಡು ವರ್ಷದ ಡಿಪ್ಲೊಮಾ ಇದೆ. ಸರ್ಕಾರಿ ಸೇವೆಯಲ್ಲಿದ್ದವರಿಗೆ ಸೇವಾನಿರತರ ಪಿಜಿ ಕೋಟಾ ಇದೆ. ಸಂವಿಧಾನದ 371ಜೆ ಕಲಂ ಪ್ರಕಾರ ಈ ಭಾಗದವರಿಗೆ ಸೀಟು ಮತ್ತು ನೌಕರಿಯಲ್ಲಿ ಮೀಸಲಾತಿ ಇದೆ. ಅರ್ಹತಾ ಪತ್ರ ಇನ್ನೂ ಮಾಡಿಸಿಲ್ಲದಿದ್ದರೆ ಅರ್ಜಿ ಕರೆಯುವವರೆಗೆ ಕಾಯಬೇಡಿ.

ಮಾರ್ಗದರ್ಶಕರು ಬೇಕೆಂದರೆ "ಮೇಡಂ, ನನಗೆ ಗೈಡ್ ಮಾಡಿ" ಎಂದು ಕೇಳಿದರೆ ಅವರಿಗೂ ಏನು ಮಾಡಬೇಕೆಂದು ತಿಳಿಯುವುದಿಲ್ಲ. "ಮೇಡಂ, ನೀವು ಮಗು ಸಣ್ಣದಿದ್ದಾಗ ಲ್ಯಾಪ್ರೊಸ್ಕೋಪಿ ಹೇಗೆ ಕಲಿತಿರಿ? ಹದಿನೈದು ನಿಮಿಷ ಕೊಡಿ" ಎಂದು ಕೇಳಿ. ಖಂಡಿತ ಕೊಡುತ್ತಾರೆ.

ಹೆಜ್ಜೆ 8: ದುಡ್ಡು

ಚಿಕ್ಕದಾಗಿ ಹೇಳುತ್ತೇನೆ. ಸಂಬಳ ಬೀಳುವ ಖಾತೆ ನಿಮ್ಮ ಹೆಸರಿನಲ್ಲಿ, ಪಾಸ್‌ವರ್ಡ್ ನಿಮ್ಮ ತಲೆಯಲ್ಲಿ ಇರಲಿ. ಆರು ತಿಂಗಳ ಖರ್ಚು ಬೇರೆ ಇಡಿ. ಬೇಡವಾದ ಕೆಲಸ ಬಿಡುವ ಧೈರ್ಯ ಬರುವುದು ಅಲ್ಲಿಂದಲೇ. ವೃತ್ತಿ ವಿಮೆ (ರೋಗಿಯ ಕಡೆಯಿಂದ ಕೇಸ್ ಬಂದರೆ ನೆರವಾಗುವ ವಿಮೆ) ಇಲ್ಲದೆ ಒಂದು ದಿನವೂ ಕೆಲಸ ಮಾಡಬೇಡಿ. ವೃತ್ತಿ ಶುಲ್ಕ ಪಡೆಯುವವರು ಟಿಡಿಎಸ್ ಪ್ರತಿ ವರ್ಷ ತಾಳೆ ನೋಡಿ ರಿಟರ್ನ್ ಹಾಕಿ. ನಿಮ್ಮ ಸಹಿ ಕೇಳುವ ಯಾವ ಸಾಲದ ಪತ್ರವನ್ನೂ, ಅದು ಮನೆಯವರದ್ದೇ ಆದರೂ, ಓದದೆ ಸಹಿ ಹಾಕಬೇಡಿ.

ಹೆಜ್ಜೆ 9: ಬಿಡುವಿನ ನಂತರ ಮರಳುವವರಿಗೆ

ಮಗು, ಅತ್ತೆಯ ಕಾಯಿಲೆ, ಗಂಡನ ವರ್ಗಾವಣೆ ಎಂದು ಎರಡು ಮೂರು ವರ್ಷ ಬಿಟ್ಟವರು ನಮ್ಮಲ್ಲಿ ಕಡಿಮೆ ಇಲ್ಲ. ಬಿಟ್ಟಿರುವ ದಿನಗಳಲ್ಲೂ ಕರ್ನಾಟಕ ವೈದ್ಯಕೀಯ ಪರಿಷತ್ತಿನ ನೋಂದಣಿ ಜೀವಂತ ಇಟ್ಟುಕೊಳ್ಳಿ. 5 ವರ್ಷಕ್ಕೊಮ್ಮೆ ನವೀಕರಣ, ಅದಕ್ಕೆ 30 ಕ್ರೆಡಿಟ್ ಗಂಟೆ (ಮುಂದುವರಿದ ಕಲಿಕೆಯ ಲೆಕ್ಕ) ಬೇಕು. ಐಎಂಎ (ಭಾರತೀಯ ವೈದ್ಯಕೀಯ ಸಂಘ) ಶಾಖೆಯ ಸಭೆಗಳಿಗೆ ಮಗುವನ್ನು ಕರೆದುಕೊಂಡೇ ಹೋಗಿ. ಕ್ರೆಡಿಟ್ ಸಿಗುತ್ತದೆ, ಎಲ್ಲಿ ಕೆಲಸ ಖಾಲಿ ಇದೆ ಎಂಬ ಸುದ್ದಿಯೂ ಸಿಗುತ್ತದೆ.

ಮರಳುವಾಗ ಮೊದಲ ದಿನವೇ ಪೂರ್ತಿ ಡ್ಯೂಟಿ ಒಪ್ಪಬೇಡಿ. ಹೃದಯ ನಿಂತಾಗ ಜೀವ ಉಳಿಸಲು ಕಲಿಸುವ ಬಿಎಲ್‌ಎಸ್, ಎಸಿಎಲ್‌ಎಸ್ ತರಬೇತಿ ಪತ್ರಕ್ಕೆ ಎರಡು ವರ್ಷದ ಆಯುಸ್ಸು, ಅದನ್ನು ಮೊದಲು ಹೊಸದಾಗಿ ಮಾಡಿಸಿ. ಮೊದಲ ತಿಂಗಳು ಹಳೆಯ ಯೂನಿಟ್ಟಿನಲ್ಲೋ ಪರಿಚಯದ ಹಿರಿಯರ ಬಳಿಯೋ ವಾರಕ್ಕೆರಡು ಅರ್ಧ ದಿನ ನಿಂತು ನೋಡಿ, ಅಸಿಸ್ಟ್ ಮಾಡಿ. ಕೈಗೆ ಮೊದಲಿನ ಹದ ಬಂತೆಂದು ನಿಮಗೂ ಅವರಿಗೂ ಅನಿಸಿದ ಮೇಲೆ ನೈಟ್ ಒಪ್ಪಿಕೊಳ್ಳಿ. ಎಷ್ಟು ನೈಟ್ ಎಂಬುದನ್ನು ಆ ಸಂಜೆಯೇ ಮೆಸೇಜ್ ಹಾಕಿ.